ದೊಡ್ಡಪ್ಪನ ಐದು ಗಂಟೆಯ ಹಾಜರಿ

ನಮ್ಮ ದೊಡ್ಡಪ್ಪನಿಗೆ ಸೈನ್ಯ ನಿವೃತ್ತಿ ಕೊಟ್ಟಿದ್ದು ನಿಜ. ದೊಡ್ಡಪ್ಪ ಅದನ್ನು ತೆಗೆದುಕೊಳ್ಳಲಿಲ್ಲ, ಅಷ್ಟೆ! ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಹವಾಲ್ದಾರನಾಗಿ, ಒಂದು ಟ್ರಂಕು ಹೊತ್ತು, ಕೊರಳಲ್ಲೊಂದು ಸೀಟಿ ತೂಗಿಸಿಕೊಂಡು ತಾಯಲೂರಿನ ಹತ್ತಿರದ ನಮ್ಮ ಹಳ್ಳಿಗೆ ಬಂದ. ಆ ಸೀಟಿಯನ್ನು ಆಮೇಲೆ ಕೊರಳಿಂದ ಇಳಿಸಿದ್ದನ್ನು ಕಂಡವರಿಲ್ಲ. ದೊಡ್ಡಮ್ಮ ಹೇಳುವಂತೆ, ಬಚ್ಚಲಿಗೂ ಅದು ಜೊತೆಗೇ ಹೋಗುತ್ತಿತ್ತು.

ಬಂದ ವರ್ಷವೇ ಸುತ್ತಲಿನ ಮಾಜಿ ಸೈನಿಕರನ್ನು ಕಲೆಹಾಕಿ ಸಂಘ ಕಟ್ಟಿದ. ಸಿಕ್ಕವರು ಐವರು, ತಾನೊಬ್ಬ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ ಎಂದು ಹಂಚುತ್ತಾ ಹೋದರೆ ಆರು ಜನಕ್ಕೂ ಹುದ್ದೆ ಸಿಕ್ಕಿ, ಬರೀ ಸದಸ್ಯನಾಗಲು ಒಬ್ಬನೂ ಉಳಿಯಲಿಲ್ಲ! ಕಚೇರಿ ಅಂದರೆ ಕೆರೆ ಏರಿಯ ಪಕ್ಕದ, ಯಾರೋ ರೇಷ್ಮೆ ಸಾಕಿ ಬಿಟ್ಟುಹೋದ ಶೀಟಿನ ಮನೆ. ವಿಧವೆಯರ ಪಿಂಚಣಿ ಅರ್ಜಿ ಬರೆಯುತ್ತಿದ್ದದ್ದು ಅಲ್ಲಿ. ಗಡಿಯಲ್ಲಿದ್ದ ಮಕ್ಕಳಿಗೆ ತಾಯಂದಿರು ಕಾಗದ ಬರೆಸುತ್ತಿದ್ದದ್ದೂ ಅಲ್ಲಿ. ಯಾರಿಗಾದರೂ ಹಾವು ಕಚ್ಚಿದರೆ ಮುಳಬಾಗಿಲಿಗೆ ಹೊತ್ತೊಯ್ಯಲು ಮೊದಲು ಓಡಿಬರುತ್ತಿದ್ದವರೂ ಇವರೇ.

ಸಂಜೆ ಐದಕ್ಕೆ ಸೀಟಿ. ಐವರೂ ಸಾಲಾಗಿ ನಿಲ್ಲಬೇಕು. ದೊಡ್ಡಪ್ಪ ಹೆಸರು ಕೂಗಿದರೆ, “ಹಾಜರ್, ಸಾಬ್!” ಯುದ್ಧದಿಂದ ಹಿಂದಿರುಗದ ಊರಿನ ಇಬ್ಬರ ಹೆಸರನ್ನೂ ದಿನಾ ಕೂಗುತ್ತಿದ್ದ. ಆಗ ಎಲ್ಲರೂ ಒಟ್ಟಿಗೆ, “ಡ್ಯೂಟಿ ಮೇಲಿದಾರೆ, ಸಾಬ್!”

ಹಾಜರಿ ತಪ್ಪಿದರೆ, ಸಂಘದ ಸೀಲು ಸೊಟ್ಟಗೆ ಒತ್ತಿದರೆ ಶಿಕ್ಷೆ ಒಂದೇ. ಶಾಲೆಯ ಮುಂದೆ ಗುಂಡಿ ತೋಡಿ ಹೊಂಗೆ ಸಸಿ ನೆಡಬೇಕು. ಒಮ್ಮೆ ಉಪಾಧ್ಯಕ್ಷ ಮಾಲೂರಿನ ಮಗಳ ಮನೆಗೆ ಹೋಗಿ ಮೂರು ದಿನ ಬಿಟ್ಟು ಬಂದ.

“ಏನ್ಲಾ, ರಜಾ ಚೀಟಿ ಎಲ್ಲಿ?”

“ಮೊಮ್ಮಗು ಹುಟ್ತು, ಸಾಬ್!”

“ಸಂತೋಷ ಕಣೋ. ಮೂರು ಗುಂಡಿ ತೋಡು.”

“ಮಗು ಒಂದೇ, ಸಾಬ್!”

“ದಿನ ಮೂರು!”

ನಮ್ಮ ಶಾಲೆಯ ಮುಂದಿನ ನೆರಳನ್ನು ಇವತ್ತು ಹೊಗಳುವವರಿಗೆ ಅದು ಶಿಸ್ತು ತಪ್ಪಿದವರ ಪಟ್ಟಿ ಅಂತ ಎಲ್ಲಿ ಗೊತ್ತು? ಉಪಾಧ್ಯಕ್ಷನೊಬ್ಬನದೇ ಹನ್ನೊಂದು ಮರ! ದೊಡ್ಡಪ್ಪನದು ಒಂದೂ ಇರಲಿಲ್ಲ. ತಪ್ಪಿದರಲ್ಲವೇ?

ಇಂಥವನ ಮುಂದೆ ಒಂದು ದಿನ ನಾನು ಅಳುತ್ತಾ ನಿಂತೆ. ಪಿಯುಸಿ ಪಾಸಾಗಿತ್ತು. ಕೋಲಾರದಲ್ಲಿ ಬಿ.ಎ.ಗೆ ಸೀಟು, ಹಾಸ್ಟೆಲು ಎರಡೂ ಸಿಕ್ಕಿದ್ದವು. ನಮ್ಮ ವಂಶದಲ್ಲಿ ಅದುವರೆಗೆ ಯಾರೂ ಅಷ್ಟು ಓದಿದವರಲ್ಲ. ಅಪ್ಪ ಖಡಾಖಂಡಿತವಾಗಿ ಬೇಡ ಎಂದಿದ್ದ. ನನ್ನ ಹಿಂದೆಯೇ ಬಂದು ಅಲ್ಲೂ ಅದನ್ನೇ ಹೇಳಿದ.

“ಆಡಪಿಲ್ಲ ಅಣ್ಣಾ! ಹೆಣ್ಮಗು ಒಬ್ಳೇ ಕೋಲಾರದಲ್ಲಿ ಹೆಂಗಿರ್ತಾಳೆ? ಇವಳು ಹೋದ್ರೆ ಹುಳಕ್ಕೆ ಸೊಪ್ಪು ಕೊಯ್ಯೋರು ಯಾರು?”

ದೊಡ್ಡಪ್ಪ ಕಾಗದ ತೆಗೆದು ಬರೆದ: “ಸರೋಜಮ್ಮ ಬೆಳಿಗ್ಗೆ ಏಳರ ಬಸ್ಸಿಗೆ ಕೋಲಾರಕ್ಕೆ ಹೊರಡತಕ್ಕದ್ದು. ಬಿ.ಎ. ಮುಗಿಸಿ ಹಿಂದಿರುಗತಕ್ಕದ್ದು.” ಕೆಳಗೆ ಸಂಘದ ದುಂಡನೆಯ ಸೀಲು, ನೆಟ್ಟಗೆ! ಸೈನ್ಯದಲ್ಲಿ ಹೊರಡಿಸುವ ಇಂಥ ಆಜ್ಞೆಗೆ ಮೂವ್‌ಮೆಂಟ್ ಆರ್ಡರ್ ಅಂತಾರಂತೆ.

“ಆರ್ಡರ್ ಆಗೋಯ್ತು ಕಣೋ. ಇನ್ನು ನನ್ ಕೈಲೂ ಏನಿಲ್ಲ,” ಅಂದ, ಈಗಷ್ಟೇ ತಾನೇ ಬರೆದದ್ದನ್ನು ತೋರಿಸಿ!

ಸೊಪ್ಪಿನ ಗತಿ? ಮರುದಿನದಿಂದಲೇ ಸಂಘ ಪಾಳಿ ಹಾಕಿಕೊಂಡು ನಮ್ಮ ಹಿಪ್ಪುನೇರಳೆ ತೋಟಕ್ಕೆ ಇಳಿಯಿತು. ಗಡಿ ಕಾದ ಮೀಸೆಗಳೆಲ್ಲ ರೇಷ್ಮೆಹುಳ ಕಾದವು. ಹುಳದ ತಟ್ಟೆಗಳು ಪೆರೇಡಿನ ಹಾಗೆ ಸಾಲು ಹಿಡಿದವು. “ಹುಳ ಎದ್ದು ‘ಹಾಜರ್’ ಅನ್ನೋದೊಂದು ಬಾಕಿ,” ಎಂದು ಅಪ್ಪ ಗೊಣಗಿದನಂತೆ. ಗೊಣಗಿದನೇ ಹೊರತು ನನ್ನನ್ನು ವಾಪಸ್ ಕರೆಸಲಿಲ್ಲ. ಆರು ಜನ ಮೂರು ವರ್ಷ ಸೊಪ್ಪು ಕೊಯ್ದರು. ನಾನು ಓದಿದೆ.

ಪಾಸಾದ ಸುದ್ದಿ ಹೊತ್ತು ಬಸ್ಸಿಳಿದಾಗ ಸಂಜೆ ಐದು. ಕೆರೆ ಏರಿಯ ಮೇಲೆ ಹಾಜರಿ ನಡೆದಿತ್ತು. ನಾನು ಅವರ ಬೆನ್ನ ಹಿಂದೆ ಸದ್ದಿಲ್ಲದೆ ನಿಂತೆ. ದೊಡ್ಡಪ್ಪ ಪಟ್ಟಿಯಿಂದ ಕಣ್ಣೆತ್ತದೆ ಕೂಗುತ್ತಿದ್ದ. ಐವರೂ ಹಾಜರ್. ತೀರಿಕೊಂಡ ಇಬ್ಬರೂ ಡ್ಯೂಟಿ ಮೇಲೆ. ಮುಗಿಯಿತು ಅಂದುಕೊಂಡೆ.

“ಸರೋಜಮ್ಮ!”

ಐದು ಗಂಟಲು ಒಟ್ಟಿಗೆ, “ಡ್ಯೂಟಿ ಮೇಲಿದಾರೆ, ಸಾಬ್!”

ಮೂರು ವರ್ಷ, ದಿನಾ ಸಂಜೆ, ಹೀಗೆ ಕೂಗಿದ್ದರಂತೆ. ನನಗೆ ಒಬ್ಬರೂ ಹೇಳಿರಲಿಲ್ಲ.

“ಹಾಜರ್, ಸಾಬ್,” ಅಂದೆ.

ದೊಡ್ಡಪ್ಪ ನನ್ನ ಮುಖ ನೋಡಲಿಲ್ಲ. “ಆರ್ಡರ್ ಎಲ್ಲಿ?” ಅಂದ. ಮಡಿಕೆ ಮಡಿಕೆಯಲ್ಲಿ ಸವೆದ ಕಾಗದ ಕೊಟ್ಟೆ. ಹಿಂದಕ್ಕೆ ತಿರುಗಿಸಿ “ಕೆಲಸ ಮುಗಿಸಿ ವಾಪಸ್” ಎಂದು ಬರೆದು ಸೀಲು ಒತ್ತಿದ. ಅದು ತಲೆಕೆಳಗಾಗಿ ಬಿತ್ತು. ಯಾರೂ ನಗಲಿಲ್ಲ, ಉಪಾಧ್ಯಕ್ಷನೂ!

ಮರುದಿನ ಬೆಳಿಗ್ಗೆ ದೊಡ್ಡಪ್ಪ ಶಾಲೆಯ ಮುಂದೆ ತಾನೇ ಗುಂಡಿ ತೋಡಿ ಒಂದು ಹೊಂಗೆ ಸಸಿ ನೆಟ್ಟ. ಸಾಲಿನ ಕೊನೆಯ ಮರ ಅದು. ಬಿಸಿಲಿನ ದಿನ ನನ್ನ ತರಗತಿಯ ಮಕ್ಕಳನ್ನು ಅದರ ಕೆಳಗೇ ಕೂರಿಸಿಕೊಂಡು ನಾನು ಹಾಜರಿ ಕರೆಯುವುದು.