ಈರುಳ್ಳಿ ಮಂಡಿಯ ಸೋಲ್ ಮ್ಯೂಸಿಕ್

ನಮ್ಮ ಸೋದರಮಾವನಿಗೆ ಬರುತ್ತಿದ್ದ ಇಂಗ್ಲಿಷ್ ಪದ ಒಂದೇ. ಅದನ್ನೂ ಅವರು ಕನ್ನಡ ಎಂದುಕೊಂಡಿದ್ದರು!

ಅಜ್ಜಂಪುರದಲ್ಲಿ ಅವರದು ಈರುಳ್ಳಿ ಮಂಡಿ. ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ಕಡೂರಿನಿಂದ ವರ್ಗವಾಗಿ ಹೊರಟ ಆಫೀಸರೊಬ್ಬರ ರೆಕಾರ್ಡ್ ಪ್ಲೇಯರನ್ನು ಮಾವ ಕೊಂಡರು. ಅದರ ಜೊತೆ ಒಂದೇ ಒಂದು ಎಲ್‌ಪಿ ಪುಕ್ಕಟೆ. ಹಾಡಿದವಳು ಅಮೆರಿಕದವಳು. ಮಾವನಿಗೆ ಒಂದಕ್ಷರ ತಿಳಿಯದು. ಆದರೂ ಈರುಳ್ಳಿ ದರ ಬಿದ್ದ ದಿನವೂ ಅದೇ ಪ್ಲೇಟು, ಎದ್ದ ದಿನವೂ ಅದೇ ಪ್ಲೇಟು!

"ಲೇ ಕಾನ್ವೆಂಟು, ಈ ಕವರ್ ಮೇಲೆ ಇದೇನು ಸಂಗೀತಾಂತ ಬರ್ದವ್ರೆ, ಓದು."

ಚಿಕ್ಕಮಗಳೂರಿನಲ್ಲಿ ನನ್‌ಗಳ ಹತ್ತಿರ ಓದಿ ಬಂದ ನನಗೆ ಮಾವ ಇಟ್ಟ ಹೆಸರು ಅದು. ಸ್ಟೈಲಾಗಿ ಓದಿದೆ: "ಸೋಲ್ ಮ್ಯೂಸಿಕ್."

"ಸೋಲಾ? ಅದಕ್ಕೇ ನೋಡು, ಕೇಳಿದ್ರೆ ಕರುಳು ಹಿಂಡ್ತದೆ. ಸೋತೋರ ಸಂಗೀತ ಕಣೇ!"

"ಸೋಲಲ್ಲ ಮಾವ, ಸೋಲ್! ಅಂದ್ರೆ ಆತ್ಮ!"

"ಅದೇ ಸೋಲೋದು ಕಣೇ. ಮನಸೋತೆ ಅಂತೀವಲ್ಲ, ಸೋತಿದ್ದೇನು, ಮೊಣಕಾಲಾ?"

ನನ್‌ಗಳು ವರ್ಷಗಟ್ಟಲೆ ತಿದ್ದಿದ ನನ್ನ ಪ್ರೊನನ್ಸಿಯೇಷನ್ ಆ ಮೊಣಕಾಲಿಗೆ ಎಡವಿ ಮಕಾಡೆ ಬಿತ್ತು!

ಆ ವರ್ಷವೇ ಅತ್ತೆಯ ಗಂಟಲಲ್ಲಿ ಗಡ್ಡೆ ಕಾಣಿಸಿತು. ಸೋಬಾನೆ ಹಾಡಲು ಅತ್ತೆಗೆ ಬಿಡುವಿದೆಯೇ ಎಂದು ಕೇಳಿಕೊಂಡು ಜನ ಮದುವೆಯ ದಿನ ಗೊತ್ತುಮಾಡುತ್ತಿದ್ದ ಕಾಲ ಅದು. ಡಾಕ್ಟರ ಇಂಗ್ಲಿಷ್ ಅರ್ಥಮಾಡಿ ಹೇಳಲೆಂದು ಶಿವಮೊಗ್ಗಕ್ಕೆ ನನ್ನನ್ನೂ ಕರೆದೊಯ್ದಿದ್ದರು. ಆಪರೇಷನ್ ಆಗಲೇಬೇಕು, ಜೀವಕ್ಕೆ ಭಯವಿಲ್ಲ, ದನಿ ಉಳಿಯುತ್ತದೆಂಬ ಗ್ಯಾರಂಟಿ ಮಾತ್ರ ಇಲ್ಲ ಎಂದರು ಡಾಕ್ಟರು. ಆನೆಸ್ಟ್ಲಿ, ಅದನ್ನು ಕನ್ನಡಕ್ಕೆ ತರುವಷ್ಟು ಕಷ್ಟದ ಕೆಲಸವನ್ನು ನಾನು ಮತ್ತೆ ಮಾಡಿಲ್ಲ.

ವಾಪಸ್ ಬಸ್ಸಿನಲ್ಲಿ ಹೊರಟೆವು. ತರೀಕೆರೆಯಲ್ಲಿ ಮಾವ ಇಳಿದವರೇ ಅಂಗಡಿಯೊಂದಕ್ಕೆ ನುಗ್ಗಿ ಟೇಪ್‌ರೆಕಾರ್ಡರ್ ಹೊತ್ತು ತಂದರು. "ಆಪರೇಷನ್ ಮುಂಚೆ ನಿಂದೂ ಒಂದು ಪ್ಲೇಟ್ ಮಾಡ್ಬಿಡ್ತೀನಿ ಕಣೇ," ಎಂದರು ಅತ್ತೆಗೆ.

ಎಲ್‌ಪಿಯ ಕವರಿನ ಹಿಂದೆ ಆ ಆಲ್ಬಂ ತಯಾರಾದ ಕಥೆ ಇತ್ತು. ಪ್ರತಿಧ್ವನಿ ಬಾರದಂತೆ ಸ್ಟುಡಿಯೋ ಗೋಡೆಗೆಲ್ಲ ಪ್ಯಾಡಿಂಗ್. ಗಾಯಕಿ ಅತ್ತುಬಿಟ್ಟ ಟೇಕನ್ನೇ ಪ್ರೊಡ್ಯೂಸರ್ ಉಳಿಸಿಕೊಂಡನಂತೆ. ನಾನು ಓದಿ ಹೇಳಿದ್ದೇ ತಪ್ಪಾಯಿತು! ಪ್ಯಾಡಿಂಗಿಗೆ ಈರುಳ್ಳಿ ಮೂಟೆಗಿಂತ ಬೇಕೆ? ಮಂಡಿಯಲ್ಲಿ ಮೂಟೆಗಳನ್ನು ಸೂರಿನವರೆಗೆ ಪೇರಿಸಿ ನಡುವೆ ಅತ್ತೆಯನ್ನು ಕೂರಿಸಿದರು. ಅಡಿಯ ಮೂಟೆಗಳಲ್ಲಿ ಈರುಳ್ಳಿ ಜಜ್ಜಿ ಅಪ್ಪಚ್ಚಿ. ಹಾಡು ಶುರುವಾಗುವ ಮೊದಲೇ ಮೂವರ ಕಣ್ಣಲ್ಲೂ ಧಾರಾಕಾರ!

"ಬಂತು ನೋಡು ಸೋಲು!" ಮಾವ ಕುಣಿದಾಡಿದರು.

"ಬಂದಿದ್ದು ನೆಗಡಿ ಕಣ್ರೀ!" ಅತ್ತೆ ಸೆರಗಿನಲ್ಲಿ ಮೂಗೊರೆಸಿಕೊಂಡರು.

ಮೊದಲ ಟೇಕು ಗೂಡ್ಸ್ ರೈಲಿನ ಸದ್ದಿನ ಪಾಲಾಯಿತು. ಎರಡನೆಯದರ ನಡುವೆ ಯಾರೋ ಬಾಗಿಲು ಬಡಿದು ಈರುಳ್ಳಿ ದರ ಕೇಳಿದರು. ಆಮೇಲೆ ಅತ್ತೆ ಕಣ್ಣು ಮುಚ್ಚಿಕೊಂಡು ಹಾಡಿದರು ನೋಡಿ, ನನಗೆ ಮೈ ಜುಮ್ಮೆಂದಿತು. ಹಾಡು ಮುಗಿಯಿತು. ಪ್ರೊಡ್ಯೂಸರ್ ಸಾಹೇಬರು ಬಟನ್ ಒತ್ತುವ ಮೊದಲೇ ಬಾಯಿ ಬಿಟ್ಟರು!

"ಮಾವ! ನಿಮ್ಮ ಮಾತೂ ಟೇಪಾಯ್ತು! ಟೇಕ್ ಸ್ಪಾಯಿಲ್!"

"ಇನ್ನೊಂದ್ಸಲ ಹಾಡೇ, ಒಂದೇ ಒಂದ್ಸಲ."

ಅತ್ತೆ ಗಂಟಲು ಹಿಡಿದುಕೊಂಡು ತಲೆಯಾಡಿಸಿದರು. ಆಗಲಿಲ್ಲ. ಮಾವ ಆ ಮಾತನ್ನು ತೆಗೆಸಲು ಕಡೂರಿನ ರೇಡಿಯೊ ರಿಪೇರಿಯವನ ತನಕ ಹೋದರು. ಹಾಡಿನ ಬಾಲಕ್ಕೂ ಕತ್ತರಿ ಬೀಳಬಹುದು ಎಂದನಂತೆ ಅವನು. ಹೆದರಿ ಹಾಗೇ ವಾಪಸ್ಸು ತಂದರು.

ಆಪರೇಷನ್ ಆಯಿತು. ಅತ್ತೆ ಉಳಿದರು, ಪಿಸುಮಾತಷ್ಟೇ ಉಳಿಯಿತು. ಮಾವ ಬಂದವರಿಗೆಲ್ಲ ಕಾಫಿಗಿಂತ ಮೊದಲು ಆ ಹಾಡು ಕೇಳಿಸುತ್ತಿದ್ದರು, ಕೊನೆ ಬರುತ್ತಲೇ ಓಡಿ ಬಂದು ಬಟನ್ ಒತ್ತುತ್ತಿದ್ದರು.

ಎಂಬತ್ತರ ದಶಕ ಮುಗಿಯುವ ಮೊದಲೇ ಮಾವ ಹೋಗಿಬಿಟ್ಟರು. ಕಾರ್ಯವೆಲ್ಲ ಮುಗಿದ ಮೇಲೆ ಅತ್ತೆ ಟೇಪ್‌ರೆಕಾರ್ಡರ್ ತರಲು ಸನ್ನೆ ಮಾಡಿದರು. ಪಾಪ, ಕಳೆದುಹೋದ ತಮ್ಮ ದನಿ ಕೇಳಬೇಕೇನೋ ಎಂದುಕೊಂಡೆ. ಅತ್ತೆ ನೋಡಿದರೆ ಹಾಡನ್ನೆಲ್ಲ ಕಿರ್ರನೆ ಮುಂದಕ್ಕೆ ಓಡಿಸುತ್ತಿದ್ದಾರೆ!

"ಅತ್ತೆ, ನಿಮ್ಮ ಹಾಡು!"

ಅದು ಬೇಡವೆಂದು ಕೈಯಾಡಿಸಿ, ಕೊನೆಯಲ್ಲಿ ನಿಲ್ಲಿಸಿ, ಬಟನ್ ಒತ್ತಿದರು. ಮಾವನ ದನಿ:

"ಸೋತೆ ಕಣೇ."

ಹಿಂದಕ್ಕೆ ಸುತ್ತಿ ಮತ್ತೆ ಒತ್ತಿದರು.

"ಸೋತೆ ಕಣೇ."

ಅತ್ತೆಯ ತುಟಿ ಅಲುಗಿತು. ಬಗ್ಗಿ ಕಿವಿಗೊಟ್ಟೆ.

"ಗೊತ್ತು ಕಣ್ರೀ."