ಬೆಳ್ತಂಗಡಿಯ ಕಾಕ ಮತ್ತು ಮೂರು ಪಾಲಿನ ಯಂತ್ರ

ದೂರದಲ್ಲಿ ಕುಳಿತು ಯಂತ್ರ ನಡೆಸುವ ಕೆಲಸಕ್ಕೆ ಸೇರಿದವರು, ಯಂತ್ರದ ಹತ್ತಿರ ಇರುವವರ ಮುಂದೆ ನಗೆಪಾಟಲಾಗದೆ ಉಳಿದದ್ದಿಲ್ಲ. ಎರಡು ಸಾವಿರನೇ ಇಸವಿಯ ಈಚಿನ ನಾಲ್ಕೈದು ವರ್ಷ ನಾನಂತೂ ವಾರಕ್ಕೊಮ್ಮೆ ತಪ್ಪದೆ ಆಗುತ್ತಿದ್ದೆ.

ಮೊದಲು ಯಂತ್ರದ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನನ್ನ ಪೆದ್ದುತನ ಪೂರ್ತಿ ಅರ್ಥವಾಗಲಿಕ್ಕಿಲ್ಲ. ನಮ್ಮ ಕಂಪೆನಿ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಮೂರು ಆಸ್ಪತ್ರೆಗಳ ದಾಖಲೆ ನೋಡಿಕೊಳ್ಳುತ್ತಿತ್ತು. ಮೂರಕ್ಕೂ ಸೇರಿ ಒಂದೇ ದೊಡ್ಡ ಸರ್ವರ್, ಬಟ್ಟೆ ಕಪಾಟಿನಷ್ಟು ಎತ್ತರ. ಹೊರಗಿನಿಂದ ಒಂದು, ಒಳಗೆ ಮೂರು ಪಾಲು. ಪ್ರತಿ ಪಾಲಿಗೂ ಅದರದ್ದೇ ಪ್ರೊಸೆಸರ್, ಅದರದ್ದೇ ಮೆಮೊರಿ, ಅದರದ್ದೇ ಫ್ಯಾನ್. ಒಂದು ಮಲಗಿದರೆ ಉಳಿದೆರಡಕ್ಕೆ ಗೊತ್ತೇ ಆಗುವುದಿಲ್ಲ, ಒಂದೇ ಮನೆಯಲ್ಲಿ ಬೇರೆ ಬೇರೆ ಒಲೆ ಹೂಡಿದ ಅಣ್ಣತಮ್ಮಂದಿರ ಹಾಗೆ. ಯಂತ್ರ ಇದ್ದದ್ದು ಬೆಳ್ತಂಗಡಿಯಲ್ಲಿ. ನಾನಿದ್ದದ್ದು ಮೂಡುಬಿದಿರೆಯ ಆಫೀಸಿನಲ್ಲಿ. ಒಂದು ಯಂತ್ರದ ಮಾತನ್ನು ಸದ್ದು ಮಾಡಿ ಇನ್ನೊಂದಕ್ಕೆ ಮುಟ್ಟಿಸುವ ಮೋಡೆಮನ್ನು ಟೆಲಿಫೋನ್ ಲೈನಿಗೆ ಸಿಕ್ಕಿಸಿ, ಅಲ್ಲಿಂದಲೇ ಬೇಕಾದ ಪಾಲನ್ನು ಮಲಗಿಸುವುದು, ಏಳಿಸುವುದು ನನ್ನ ಕೆಲಸ.

ಯಂತ್ರದ ಹತ್ತಿರ ಇದ್ದವರು ಕಾಕ ಒಬ್ಬರೇ. ಗಲ್ಫಿನ ಕೋಲ್ಡ್ ಸ್ಟೋರೇಜಿನಲ್ಲಿ ಇಪ್ಪತ್ತು ವರ್ಷ ದುಡಿದು ಊರಿಗೆ ಬಂದ ಬ್ಯಾರಿ ಮುಸಲ್ಮಾನ ಹಿರಿಯರು; ಚಿಕ್ಕಪ್ಪ ಅನ್ನುವ ಹಾಗೆ ಎಲ್ಲರೂ ಅವರನ್ನು ಕರೆಯುವುದು ಕಾಕ ಅಂತ. ಯಂತ್ರ ಇಟ್ಟ ಏಸಿ ಕೋಣೆ ಕಾಯಲಿಕ್ಕೆ ಇವರಿಗಿಂತ ಅನುಭವಸ್ಥರು ಸಿಕ್ಕಲಿಕ್ಕಿಲ್ಲ ಅಂತ ಬೆಳ್ತಂಗಡಿಯ ಮ್ಯಾನೇಜರು ಅವರನ್ನು ಇಟ್ಟುಕೊಂಡಿದ್ದರು. ಆ ಮ್ಯಾನೇಜರು ಸರಿಯಾಗಿ ಮಾಡಿದ ಕೆಲಸ ಅದೊಂದೇ ಅಂತ ನನ್ನ ಅಭಿಪ್ರಾಯ.

ಗಂಟಲು ಬಿದ್ದವರು

ಕೆಲಸಕ್ಕೆ ಸೇರಿದ ಮೊದಲ ವಾರ. ನಾನು ಇಲ್ಲಿಂದ ಡಯಲ್ ಮಾಡಬೇಕು, ಮೂರನೇ ರಿಂಗಿಗೆ ಅಲ್ಲಿನ ಮೋಡೆಮ್ ಎತ್ತಿಕೊಳ್ಳಬೇಕು. ಆದರೆ ಎರಡನೇ ರಿಂಗಿಗೇ ಯಾರೋ ಫೋನ್ ಎತ್ತಿಬಿಡುತ್ತಿದ್ದರು. ಹೀಗೆ ಆರು ಸಲ! ನನಗೆ ಸಿಟ್ಟು ನೆತ್ತಿಗೇರಿತು. ಏಳನೇ ಸಲ ಮೋಡೆಮ್ ಬಿಟ್ಟು ನಾನೇ ರಿಸೀವರ್ ಹಿಡಿದೆ.

"ಕಾಕ, ಆ ಫೋನ್ ಎತ್ತಬೇಡಿ ಮಾರಾಯ್ರೆ!"

"ಎತ್ತದೆ ಇರುವುದು ಹೇಗೆ ಮಗಳೇ? ಕರೆದವರಿಗೆ ಉತ್ತರ ಕೊಡದಿದ್ದರೆ ಮರ್ಯಾದೆಯಾ? ಪಾಪ, ಬೆಳಿಗ್ಗೆಯಿಂದ ಯಾರೋ ಒಬ್ಬರು ಕರೀತಾ ಇದ್ದಾರೆ. ಮಾತೇ ಹೊರಡುವುದಿಲ್ಲ, ಕೀ ಕೀ ಅಂತ ಮಾತ್ರ ಕೇಳ್ತದೆ. ಗಂಟಲು ಪೂರ್ತಿ ಬಿದ್ದು ಹೋಗಿದೆ. ಒಳ್ಳೆಮೆಣಸಿನ ಕಷಾಯ ಮಾಡಿ ಕುಡಿಯಿರಿ ಅಂತ ಆರು ಸಲವೂ ಹೇಳಿದ್ದೇನೆ."

ಸ್ವರ ಸರಿ ಇಲ್ಲ

ಒಂದು ಮಧ್ಯಾಹ್ನ ಕಾಕನೇ ಫೋನ್ ಮಾಡಿದರು. "ಮಗಳೇ, ನಡುವಿನ ಪಾಲಿನ ಸ್ವರ ಸರಿ ಇಲ್ಲ."

ನಾನು ಸ್ಕ್ರೀನ್ ನೋಡಿದೆ. "ಇಲ್ಲಿ ಎಲ್ಲ ಹಸಿರು ಉಂಟು ಕಾಕ."

"ಹಸಿರು ಇರಲಿ. ಸ್ವರ ಸರಿ ಇಲ್ಲ."

ಮಾರನೆಯ ಬೆಳಿಗ್ಗೆ ನನ್ನ ಸ್ಕ್ರೀನಿನಲ್ಲಿ ಕೆಂಪು ಬಂತು: ನಡುವಿನ ಪಾಲಿನ ಫ್ಯಾನ್ ಹೋಗಿತ್ತು. ಕಾಕನ ಮಾತು ಕೇಳಿ ನಾನು ಹಿಂದಿನ ದಿನವೇ ಹೇಳಿ ಕಳಿಸಿದ್ದ ಹೊಸ ಫ್ಯಾನ್ ಅಷ್ಟರಲ್ಲಿ ಬಂದು ಮುಟ್ಟಿತ್ತು. ಇಪ್ಪತ್ತು ವರ್ಷ ದೊಡ್ಡ ದೊಡ್ಡ ತಂಪು ಯಂತ್ರಗಳ ಮಗ್ಗುಲಲ್ಲೇ ಮಲಗಿದ್ದ ಕಿವಿ ಅದು! ನನಗಂತೂ ಕೈಮುಗಿಯಬೇಕು ಅನಿಸಿತು. ಫ್ಯಾನ್ ಹಾಕಲು ಮಂಗಳೂರಿನಿಂದ ಬಂದ ಇಂಜಿನಿಯರಿಗೆ ಆಶ್ಚರ್ಯವೋ ಆಶ್ಚರ್ಯ. ಒಂದು ದಿನ ಮೊದಲೇ ಹೇಳುವ ಸಾಫ್ಟ್‌ವೇರ್ ಯಾವುದು, ಎಲ್ಲಿ ಸಿಗುತ್ತದೆ ಅಂತ ನನಗೆ ಫೋನ್ ಮಾಡಿ ಕೇಳಿದ.

"ಇಲ್ಲಿ ಸಿಗುವುದಿಲ್ಲ. ಗಲ್ಫಿನಿಂದ ಬಂದದ್ದು" ಅಂದೆ.

ಮಲ್ಲಿಗೆ

ಬೆಳ್ತಂಗಡಿ ಪಕ್ಕದ ಲಾಯಿಲದಲ್ಲಿ ಮ್ಯಾನೇಜರ ಮಗಳ ಮದುವೆ. ಹಿಂದಿನ ದಿನ ನನ್ನ ಸ್ಕ್ರೀನಿನಲ್ಲಿ ಕೋಣೆಯ ಬಿಸಿ ಏರುತ್ತಾ ಹೋಯಿತು. ಗಾಬರಿಯಾಗಿ ಕಾಕನನ್ನು ಕೇಳಿದೆ, "ಕೋಣೆಯಲ್ಲಿ ಏನಾಗ್ತಾ ಉಂಟು?"

"ಮ್ಯಾನೇಜರ ಹೆಂಡತಿಯ ಮಲ್ಲಿಗೆ ಉಂಟು. ಏಸಿಯಲ್ಲಿಟ್ಟರೆ ಬಾಡುವುದಿಲ್ಲವಂತೆ. ಹತ್ತು ನಿಮಿಷಕ್ಕೊಬ್ಬರು ಬಾಗಿಲು ತೆಗೆದು ಬಾಡಿದೆಯಾ ಅಂತ ನೋಡಿ ಹೋಗ್ತಾರೆ."

ನಾನು ಮ್ಯಾನೇಜರಿಗೆ ಹೇಳುವುದುಂಟಾ? ಹೆಂಡತಿಯ ವಿಷಯ ಬೇರೆ! "ನೀನು ಸುಮ್ಮನಿರು, ನಾನು ನೋಡ್ತೇನೆ" ಅಂದರು ಕಾಕ. ಕೋಲ್ಡ್ ಸ್ಟೋರೇಜಿನ ಪದ್ಧತಿಯ ಪ್ರಕಾರ ಬಾಗಿಲಿಗೆ ಬೀಗ ಹಾಕಿ, ಒಳಗೆ ಬರುವವರು ಮೂಡುಬಿದಿರೆ ಆಫೀಸಿನ ಅನುಮತಿ ತರಬೇಕು ಅಂತ ಕಾಗದ ಅಂಟಿಸಿದರು. ಕೋಣೆ ತಣ್ಣಗಾಯಿತು. ಸಂಜೆ ನನಗೆ ಫೋನ್ ಬಂತು. ಮ್ಯಾನೇಜರೇ! ಸ್ವರ ಬಹಳ ಮೆತ್ತಗಿತ್ತು.

"ಸ್ವಲ್ಪ ಮಲ್ಲಿಗೆ ಹೊರಗೆ ತೆಗೆಯಲಿಕ್ಕಿತ್ತು, ಮೇಡಂ."

ಸಾಮಾನಿನ ಪಟ್ಟಿ

ಇದನ್ನೆಲ್ಲ ನೋಡಿಯೂ ನಾನು ಮಾಡಿದ ದೊಡ್ಡ ಅನ್ಯಾಯ ಒಂದುಂಟು. ವರ್ಷದ ವರದಿಯಲ್ಲಿ ಜಂಬ ಕೊಚ್ಚಿದೆ: "ಎಲ್ಲ ಕೆಲಸವೂ ದೂರದಿಂದಲೇ ಆಗುತ್ತದೆ." ಬೆಂಗಳೂರಿನ ಮುಖ್ಯ ಕಚೇರಿಯವರು ಅದನ್ನು ಓದಿ, ಹಾಗಾದರೆ ಅಲ್ಲಿ ಮನುಷ್ಯ ಯಾಕೆ, ಕಾಕನ ಕೆಲಸ ತೆಗೆಯಬಹುದಲ್ಲ ಅಂದರು. ಪರೀಕ್ಷೆ ಮಾಡಿ ನೋಡಲಿಕ್ಕೆ ಇಬ್ಬರು ಅಧಿಕಾರಿಗಳು ಬಂದರು. ಹಿರಿಯರು ನನ್ನ ಪಕ್ಕ ಮೂಡುಬಿದಿರೆಯಲ್ಲಿ, ಕಿರಿಯರು ಕಾಕನ ಹತ್ತಿರ ಬೆಳ್ತಂಗಡಿಯಲ್ಲಿ. ಪರೀಕ್ಷೆ ಮುಗಿಯುವವರೆಗೆ ಯಂತ್ರ ಮುಟ್ಟಬಾರದೆಂದು ಕಾಕನಿಗೆ ಆಜ್ಞೆ. ಆಸ್ಪತ್ರೆಯವರೂ ಒಂದು ಗಂಟೆ ಪುಸ್ತಕದಲ್ಲಿ ಬರೆದುಕೊಳ್ಳಲು ಒಪ್ಪಿದ್ದರು.

"ಯಾವುದಾದರೂ ಒಂದು ಪಾಲು ಮಲಗಿಸಿ, ಏಳಿಸಿ" ಅಂದರು ಹಿರಿಯರು.

"ನಡುವಿನದ್ದೇ ಮಲಗಿಸುತ್ತೇನೆ ಸಾರ್!" ಅಂದು ಟಪ್ ಅಂತ ಒತ್ತಿದೆ. ಪಾಲು ಮಲಗಿತು. ನನ್ನ ಸ್ಕ್ರೀನೂ ಮಲಗಿತು. ಅಯ್ಯೋ ದೇವರೇ! ನನ್ನ ಮೋಡೆಮ್ ಒಳಗೆ ಹೋಗುತ್ತಿದ್ದದ್ದೇ ಆ ನಡುವಿನ ಪಾಲಿನ ದಾರಿಯಲ್ಲಿ! ಕುಳಿತ ಕೊಂಬೆಯನ್ನೇ ಕಡಿದಿದ್ದೆ. ಇನ್ನು ಇಲ್ಲಿಂದ ಏನೂ ಮಾಡುವ ಹಾಗಿಲ್ಲ. ಕಾಕನಿಗೆ ಫೋನ್ ಮಾಡುವ ಅಂದರೆ ಪಕ್ಕದಲ್ಲೇ ಹಿರಿಯರು ಕುಳಿತಿದ್ದಾರೆ. ಬೆಳ್ತಂಗಡಿಗೆ ಓಡುವ ಅಂದರೆ ಬಸ್ಸಿನಲ್ಲಿ ಗಂಟೆಗಿಂತ ಹೆಚ್ಚು. ಸುಮ್ಮನೆ ಕೀಬೋರ್ಡ್ ಕುಟ್ಟುತ್ತಾ ಕುಳಿತೆ.

ಐದು ನಿಮಿಷ ಆಯಿತು. ಹತ್ತು ಆಯಿತು. ಇದ್ದಕ್ಕಿದ್ದ ಹಾಗೆ ಮೋಡೆಮ್‌ನ ದೀಪ ಹತ್ತಿತು, ಸ್ಕ್ರೀನಿನಲ್ಲಿ ಮೂರೂ ಪಾಲು ಹಸಿರು!

"ಭೇಷ್! ಇಷ್ಟು ಚೆನ್ನಾಗಿ ಆಗುವಾಗ ಅಲ್ಲಿ ಜನ ಬೇಡವೇ ಬೇಡ" ಅಂದರು ಹಿರಿಯರು, ಪೆನ್ನು ತೆಗೆದು.

ಇದು ಕಾಕನ ಕೈ ಅಂತ ನನಗೆ ಆಗಲೇ ಗೊತ್ತಾಗಿತ್ತು. ನನ್ನ ಮಾನ ಉಳಿಸಿದ ಕೈಗೇ ನಾನು ಕತ್ತರಿ ಹಾಕುವುದಾ? "ಬರೆಯಬೇಡಿ ಸಾರ್, ಏಳಿಸಿದ್ದು ನಾನಲ್ಲ" ಅಂದುಬಿಟ್ಟೆ. ಎಲ್ಲ ಒಪ್ಪಿಕೊಂಡೆ. ಅವರು ನಂಬದೆ ಬೆಳ್ತಂಗಡಿಗೆ ಫೋನ್ ಮಾಡಿ, ಸ್ಪೀಕರ್ ಹಾಕಿದರು.

"ಹೌದು ಸಾರ್, ನಾನೇ ಗುಂಡಿ ಒತ್ತಿದ್ದು" ಅಂದರು ಕಾಕ. "ಮುಟ್ಟಬಾರದು ಅಂದದ್ದು ನೆನಪುಂಟು, ಇಲ್ಲಿನ ಸಾರ್ ಬೇಡ ಬೇಡ ಅಂದದ್ದೂ ಕೇಳಿದೆ. ಆದರೆ ನಡುವಿನದ್ದರ ಸ್ವರ ನಿಂತು ಹತ್ತು ನಿಮಿಷ ಆಯಿತು. ಮಲಗಿಸಿದರೆ ಮೂರು ನಿಮಿಷದಲ್ಲಿ ಏಳಿಸುವ ಹುಡುಗಿ ಅದು. ಏಳಿಸಲಿಲ್ಲ ಅಂದರೆ ಏಳಿಸಲಿಕ್ಕೆ ಆಗ್ತಾ ಇಲ್ಲ ಅಂತ ಅರ್ಥ. ನನ್ನ ಕೆಲಸ ಹೋದರೆ ಹೋಗಲಿ. ಆಸ್ಪತ್ರೆಯದ್ದು ನಿಲ್ಲಬಾರದಲ್ಲ?"

ನನ್ನ ಕಣ್ಣಲ್ಲಿ ನೀರು ಬಂತು. ಹಿರಿಯರು ಸ್ಪೀಕರ್ ಆರಿಸಿ ಪೆನ್ನು ಹಿಡಿದರು. ಆಮೇಲೆ ವರದಿಯ ಕೊನೆಗೆ, ದೂರದಿಂದ ನಿರ್ವಹಣೆ ಮಾಡಲು ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಬರೆದರು: ಮೋಡೆಮ್ ಎರಡು, ಟೆಲಿಫೋನ್ ಲೈನ್ ಒಂದು, ಕಾಕ ಒಬ್ಬರು.

ಮುಖ್ಯ ಕಚೇರಿಯಲ್ಲಿ ಯಾರೂ ಅದನ್ನು ಓದಿ ನೋಡಲಿಲ್ಲ ಅಂತ ಕಾಣುತ್ತದೆ. ಮುಂದಿನ ತಿಂಗಳು ಸಾಮಾನುಗಳಿಗೆ ಅಂಟಿಸಬೇಕಾದ ನಂಬರಿನ ಚೀಟಿಗಳು ಬಂದಾಗ ಮೋಡೆಮಿಗೆ ಎರಡು, ಲೈನಿಗೆ ಒಂದು, ಕಾಕನಿಗೂ ಒಂದು ಇತ್ತು! ಕ್ಷಮೆ ಕೇಳುವ ಅಂತ ನಾನು ಬೆಳ್ತಂಗಡಿಗೆ ಓಡಿದೆ. ಹೋಗಿ ನೋಡಿದರೆ ಕಾಕ ಆ ಚೀಟಿಯನ್ನು ಅಂಗಿಯ ಜೇಬಿನ ಮೇಲೆ ನೇರವಾಗಿ ಅಂಟಿಸಿಕೊಂಡು, ಯಂತ್ರದ ಪಕ್ಕ ಕುರ್ಚಿಯಲ್ಲಿ ಕುಳಿತು ಚಾ ಕುಡಿಯುತ್ತಿದ್ದರು.

"ತೆಗೀರಿ ಕಾಕ ಅದನ್ನು!" ಅಂದೆ.

"ಯಾಕೆ ತೆಗೀಬೇಕು? ಪಟ್ಟಿಯಲ್ಲಿ ಬಂತಲ್ಲ ಮಗಳೇ! ಇನ್ನು ನನ್ನನ್ನು ಕೆಲಸದಿಂದ ತೆಗೆಯಲಿಕ್ಕೆ ಯಾರಿಗೂ ಆಗುವುದಿಲ್ಲ. ಬೇಕಾದರೆ ಗುಜರಿಗೆ ಕೊಡಬೇಕಷ್ಟೆ!"