ಮೂರೆಲೆಯ ಬೂರುಗ

ಮನ್ಮಥಪ್ಪನಿಗೆ ಹೆಂಡತಿಯ ಮೇಲಿದ್ದ ದೂರು ಒಂದೇ: ಸರುಬಾಯಿಗೆ ಐದರವರೆಗೆ ಎಣಿಸಲು ಬರುತ್ತಿತ್ತು. ಬಾರದೇ ಇದ್ದಿದ್ದರೆ ಕಾಸಾರಶಿರಸಿಯ ಆ ಮನೆಯಲ್ಲಿ ಒಂಬತ್ತು ವರ್ಷ ಶಾಂತಿ ನೆಲೆಸಿರುತ್ತಿತ್ತು.

ಜಗಳದ ಮೂಲ ಆಕೆಯ ಕುತ್ತಿಗೆ. ಮೂವತ್ತು ವರ್ಷ ಕೊಡ ಹೊತ್ತು, ಕಣಿಕೆಯ ಹೊರೆ ಹೊತ್ತು, ಅದು ಎಡಕ್ಕೆ ವಾಲಿ ಅಲ್ಲೇ ಕೂತುಬಿಟ್ಟಿತ್ತು. ಗಂಡನನ್ನು ಬೈಯಬೇಕಾದರೂ ಎತ್ತಿನ ಗಾಡಿಯಂತೆ ಇಡೀ ಮೈ ತಿರುಗಿಸಬೇಕು. (ಅಷ್ಟರಲ್ಲಿ ಮನ್ಮಥಪ್ಪ ಊರ ಅಗಸೆಬಾಗಿಲು ದಾಟಿರುತ್ತಿದ್ದ.) ಜೋಳದ ಹೊಟ್ಟಿನ ದಿಂಬಿನಿಂದ ನೋವು ಹೆಚ್ಚುತ್ತಿತ್ತೇ ಹೊರತು ಇಳಿಯುತ್ತಿರಲಿಲ್ಲ. ಒಮ್ಮೆ ಉದಗೀರಿನಲ್ಲಿ ಅಕ್ಕ ಪ್ರಯಾಗಬಾಯಿಯ ಮನೆಯಲ್ಲಿ ಬೂರುಗದ ಅರಳೆಯ ದಿಂಬಿಗೆ ತಲೆಯಿಟ್ಟವಳು ಬಿಸಿಲೇರುವವರೆಗೆ ಏಳಲಿಲ್ಲ.

"ನನಗೂ ಇಂಥಾದೊಂದು ಬೇಕ್ರೀ," ಎಂದಳು. "ಸತ್ತ ಮ್ಯಾಲ ನಮ್ಮ ಲಿಂಗವಂತ ಮಂದೀನ ಕೂಡಿಸೇ ಮಣ್ಣ ಮಾಡ್ತಾರ. ಮಲಗೂ ಸುಖ ಏನಿದ್ರೂ ಈಗೇ."

"ಒಂದು ದಿಂಬಿನ ಮಾತೇನು? ಗಿಡಾನೇ ಹಚ್ತೀನಿ!" ನಿಜಾಮ ಸರಕಾರದ ಇಡೀ ದರಬಾರಿಗೆ ದಿಂಬು ಒದಗಿಸುವವನ ಗತ್ತಿನಲ್ಲಿ ಹೇಳಿದ ಮನ್ಮಥಪ್ಪ.

ಮರದ ಗುರುತು ಕೇಳಿದ. ಮೈತುಂಬ ಮುಳ್ಳು, ಫಾಲ್ಗುಣದಲ್ಲಿ ಎಲೆ ಉದುರಿ ಕೆಂಪು ಹೂವು, ಟೊಂಗೆ ನೆಟ್ಟರೂ ಚಿಗುರುತ್ತದೆ ಎಂದಳು ಪ್ರಯಾಗಬಾಯಿ. ಎಲೆಯ ಮಾತಿಗೆ ಬರುವಷ್ಟರಲ್ಲಿ ಅವನು "ತಿಳೀತು, ತಿಳೀತು" ಎನ್ನುತ್ತ ಗಾಡಿ ಹೂಡಿದ್ದ. ವಲಾಂಡಿಯ ದಾರಿಯಲ್ಲಿ ಮುಳ್ಳು ಮೈಯ, ಕೆಂಪು ಹೂವಿನ ಬೋಳು ಮರವೊಂದು ಸಿಕ್ಕಿತು. ಟೊಂಗೆ ಕಡಿದು ತಂದು ಹಿತ್ತಲಲ್ಲಿ ನೆಟ್ಟ. ಸರುಬಾಯಿ ಅಂದೇ ದಿಂಬಿನ ಚೀಲ ಹೊಲಿದಿಟ್ಟಳು.

ಚಿಗುರು ಬಂತು. ತೊಟ್ಟಿಗೆ ಮೂರು ಎಲೆ.

"ಬೂರುಗಕ್ಕ ಐದು ಎಲಿ ಇರ್ತಾವ್ರೀ, ಅಂಗೈ ಬಿಚ್ಚಿಧಂಗ. ಇದು ಪಾಂಗರಾ, ಹಾಲವಾಣದ ಗಿಡಾ."

"ಮೂರೆಲಿ ಅಂದ್ರ ಬಿಲ್ವ ಇದ್ಧಂಗ. ಮಹಾದೇವನ ಕೃಪಾ ಅದ ಈ ಗಿಡದ ಮ್ಯಾಲ."

"ಮಹಾದೇವಗ ಐದು ಮುಖ ಅವ. ಉಳದ ಎರಡು ಎಲ್ಲಿ ಹೋದ್ವು?"

"ಮುಂದಿನ ವರ್ಷ ಬರ್ತಾವ!"

ಬರಲಿಲ್ಲ. ಓಣಿಯ ಕುರಿಗಳು ತೊಟ್ಟಿಗೆ ಎರಡೆರಡೇ ಎಣಿಸಿ ತಿಂದಿವೆ ಎಂದು ವಾದಿಸಿದ. ಐದನೆಯ ವರ್ಷ ಕೆಂಪು ಹೂವು ಬಿಟ್ಟಾಗ ಊರಿಗೆಲ್ಲ ಬೆಲ್ಲ ಹಂಚಿದ. ಕಾಯಿ ಒಣಗಿದ ದಿನ ಚೀಲ ಹಿಡಿದು ಮರದ ಕೆಳಗೆ ಕೂತು ಒಡೆದ. ಒಳಗಿದ್ದದ್ದು ಕೆಂಪು ಕಾಳು.

"ಅರಳಿ ಎಲ್ಲದರೀ?"

"ಎಳೀ ಗಿಡಾ. ಮೊದಲ ಕಾಳ ಬಿಡ್ತದ, ಆಮ್ಯಾಲ ಅರಳಿ."

"ಸಾಕ ಬಿಡ್ರಿ. ನಿಲಂಗಾದ ಸಂತ್ಯಾಗ ಒಂದು ಗಂಟು ಅರಳಿ ಸಿಗ್ತದ, ತರ್ರಿ."

"ಮನ್ಯಾಗ ಗಿಡಾ ಇಟಗೊಂಡು ಕೊಂಡು ತಂದ್ರ ಮಂದಿ ಏನಂದಾರು?"

ಮಂದಿ ಏನೂ ಅನ್ನುತ್ತಿರಲಿಲ್ಲ. ಅದು ಪಾಂಗರವೆಂದು ಊರಿಗೆಲ್ಲ ಗೊತ್ತಿತ್ತು. ಅವನೆದುರು ಮಾತ್ರ ಮರ್ಯಾದೆಗೆ ಬೂರುಗವೆನ್ನುತ್ತಿದ್ದರು. ಸರುಬಾಯಿ ಮತ್ತೆ ಕೇಳಲಿಲ್ಲ. ಆದರೂ ಬೇಸಿಗೆಯಲ್ಲಿ ದಿನಕ್ಕೆರಡು ಕೊಡ ನೀರನ್ನು ಅದೇ ವಾಲಿದ ಕುತ್ತಿಗೆಯ ಮೇಲೆ ಹೊತ್ತು ತಂದು ಬುಡಕ್ಕೆ ಸುರಿಯುತ್ತಿದ್ದಳು. "ಪಾಂಗರಾ ಆದ್ರೇನು, ಅದಕ್ಕೂ ನೀರಡಿಕಿ ಆಗ್ತದ," ಎನ್ನುತ್ತಿದ್ದಳು.

ಒಂಬತ್ತನೆಯ ವರ್ಷದ ಭಾದ್ರಪದದಲ್ಲಿ ಆಕೆಗೆ ಜ್ವರ ಬಂತು. ಮೂರನೆಯ ದಿನ ತಲೆ ಎಲ್ಲಿಟ್ಟರೂ ನರಳತೊಡಗಿದಳು. ಮನ್ಮಥಪ್ಪ ಯಾರಿಗೂ ಹೇಳದೆ ನಿಲಂಗಾಕ್ಕೆ ಹೋಗಿ ಅರಳೆಯ ಗಂಟು ತಂದ. ಅವನು ಮನೆ ಸೇರುವಷ್ಟರಲ್ಲಿ ಆಕೆಯನ್ನು ಗೋಡೆಗೆ ಆನಿಸಿ ಕೂಡಿಸಿದ್ದರು.

ಸತ್ತವರನ್ನು ಕೂಡಿಸಿ ಒಯ್ಯುವ ವಿಮಾನಕ್ಕೆ ನೆಟ್ಟನೆಯ ಕಟ್ಟಿಗೆ ಬೇಕಾಗಿತ್ತು. ಬಡಿಗ ಕಲ್ಯಾಣಪ್ಪ ಹಿತ್ತಲ ಕಡೆ ನೋಡಿದ, ಮನ್ಮಥಪ್ಪ ಕಡಿ ಎಂಬಂತೆ ತಲೆಯಾಡಿಸಿದ. ಎಡಕ್ಕೆ ವಾಲುತ್ತಿದ್ದ ಆಕೆಯ ತಲೆಗೆ ಯಾರೋ ಅರಳೆಯ ಗಂಟನ್ನೇ ಆಸರೆ ಕೊಟ್ಟರು. ಹೆಗಲಿಗೆ ಹೊತ್ತ ಕಲ್ಯಾಣಪ್ಪ, ಸಮಾಧಾನದ ಮಾತೊಂದು ಬೇಕೆಂದು ಹೇಳಿದ:

"ಮನ್ಮಥಪ್ಪಣ್ಣಾ, ನಿಮ್ಮ ಬೂರುಗಾ ಬಾಳ ಹಗುರ ಅದ ನೋಡ್ರಿ."

"ಬೂರುಗಾ ಅಲ್ಲೋ," ಎಂದ ಮನ್ಮಥಪ್ಪ. "ಪಾಂಗರಾ."

ಅವನು ವಿಮಾನದ ಎಡಕ್ಕೆ ಬಂದು, ಇನ್ನಷ್ಟು ಗಟ್ಟಿಯಾಗಿ ಹೇಳಿದ: "ಪಾಂಗರಾ!"

ಸರುಬಾಯಿ ತಿರುಗಲಿಲ್ಲ.